ನಾಲ್ಕನೆಯ ಕಿರಣವನ್ನು ಕಾದ ಗೌಂಡಿ

ಗೋವೆಯಲ್ಲಿ ನಾನು ಸಂಶೋಧನೆ ಮಾಡಿದ ಭೌತಶಾಸ್ತ್ರ ವಿಭಾಗದಲ್ಲಿ ಬೀಳ್ಕೊಡುಗೆ ಸಮಾರಂಭಗಳು ಸಾಂಗವಾಗಿ ನಡೆಯುತ್ತಿದ್ದವು. ಶಾಲು, ಶ್ರೀಫಲ, ಒಂದು ಪೊಟ್ಟಣ ಗೋಡಂಬಿ. ನಿವೃತ್ತರಾಗುವವರು ಯಾರೇ ಇರಲಿ, ಅವರು ವಿಭಾಗದ ಆಧಾರಸ್ತಂಭವಾಗಿದ್ದರು ಎಂಬ ಒಂದು ವಾಕ್ಯ. ನಾನಿದ್ದ ವರ್ಷಗಳಲ್ಲಿ ಇಂಥ ಏಳೆಂಟು ಸ್ತಂಭಗಳು ಕಳಚಿಹೋದದ್ದನ್ನು ಕಂಡಿದ್ದೇನೆ, ಕಟ್ಟಡ ಅಲುಗಾಡಲಿಲ್ಲ. ಆ ಕಟ್ಟಡದಲ್ಲಿ ನಿಜವಾಗಿಯೂ ಒಂದು ಕಂಬವನ್ನು ತನ್ನ ಕೈಯಾರೆ ನಿಲ್ಲಿಸಿದ ಮನುಷ್ಯ ಒಬ್ಬರೇ. ಅವರಿಗೆ ಶಾಲಿನ ಮಾತು ಹಾಗಿರಲಿ, ನಾಳೆಯಿಂದ ಬರಬೇಡಿ ಎಂದು ಮುಖ ನೋಡಿ ಹೇಳುವ ಸೌಜನ್ಯವೂ ದೊರೆಯಲಿಲ್ಲ. ಕಳೆದ ತಿಂಗಳು ಅವರು ಮೊಣಕಾಲು ನೋವಿನಿಂದ ಗೌಂಡಿ ಕೆಲಸವನ್ನೇ ಬಿಟ್ಟು, ಗೋವೆಯಿಂದ ಗಂಟುಮೂಟೆ ಕಟ್ಟಿಕೊಂಡು, ಇಳಕಲ್ಲಿನ ಕಡೆಯ ತಮ್ಮ ಊರಿಗೆ ಹೋದರೆಂದು ಅವರು ವಾಸವಿದ್ದ ಕೆಪೆಯಿಂದ ಸುದ್ದಿ ಬಂದಿತು. ನಡೆಯದೆ ಉಳಿದ ಆ ಬೀಳ್ಕೊಡುಗೆಯ ಭಾಷಣವನ್ನು ನಾನು ಇಲ್ಲಿ ಮಾಡುತ್ತಿದ್ದೇನೆ. ಅಧ್ಯಕ್ಷರ ಅನುಮತಿ ಕೇಳಿಲ್ಲ.

ಹೆಸರು ಬರೆಯುವುದಿಲ್ಲ. ಅವರೇ ಬೇಡವೆಂದಿದ್ದರು, ಇಬ್ಬರು ತಮ್ಮಂದಿರು ಇನ್ನೂ ಗೋವೆಯಲ್ಲೇ ಕಟ್ಟಡ ಕೆಲಸದಲ್ಲಿದ್ದಾರೆ. ನಾನು ಕಾಕಾ ಎನ್ನುತ್ತಿದ್ದೆ. ವಿಭಾಗದ ಉಳಿದವರಿಗೆ ಅವರು ‘ಏ ಗೌಂಡಿ’.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡದಿಂದ ಎಂ.ಎಸ್ಸಿ. ಮುಗಿಸಿಕೊಂಡು ಅಲ್ಲಿಗೆ ಹೋದಾಗ ಪ್ರಯೋಗಾಲಯಕ್ಕೆ ಸುಣ್ಣದ ವಾಸನೆ ಇನ್ನೂ ಇತ್ತು. ಬಾಗಿಲಲ್ಲಿ ನಿಂತಿದ್ದ ಒಬ್ಬ ವ್ಯಕ್ತಿ ಎಡಗಣ್ಣು ಮುಚ್ಚಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನನಗೆ ಸಿಟ್ಟು ನೆತ್ತಿಗೇರಿತು. ಆಮೇಲೆ ತಿಳಿಯಿತು: ಗೋಡೆಯಾಗಲಿ, ಬಾಗಿಲ ಚೌಕಟ್ಟಾಗಲಿ, ವಿಭಾಗಾಧ್ಯಕ್ಷರಾಗಲಿ, ಅವರು ಒಂದು ಕಣ್ಣು ಮುಚ್ಚಿಯೇ ನೋಡುತ್ತಿದ್ದರು. ನೆಟ್ಟಗಿದೆಯೋ ಇಲ್ಲವೋ ಎಂದು ಅಳೆಯುವ ಗೌಂಡಿಯ ರೂಢಿ. “ನಿಮ್ಮ ಸಾಹೇಬ್ರು ಬಲಕ್ಕ ಅರ್ಧ ಇಂಚು ವಾಲ್ಯಾರ ನೋಡ್ರಿ ಬಾಯಾರ,” ಎಂದು ಒಮ್ಮೆ ನನ್ನ ಮಾರ್ಗದರ್ಶಕರ ಬಗ್ಗೆ ವರದಿ ಕೊಟ್ಟರು. ನಾನೂ ಒಂದು ಕಣ್ಣು ಮುಚ್ಚಿ ನೋಡಿದೆ. ಅರ್ಧ ಇಂಚೇ.

ಅವರು ವಿಜ್ಞಾನಕ್ಕೆ ಬಂದದ್ದು ಒಂದು ಕಲ್ಲಿನ ಹಿಂದೆ. ಪಣಜಿಯ ಬಳಿಯ ಪರ್ವರಿಯಲ್ಲಿ ಹೊಸ ಮನೆಗಳಿಗೆ ಗೋಡೆ ಏರಿಸುತ್ತಿದ್ದವರನ್ನು ಗುತ್ತಿಗೆದಾರನೊಬ್ಬ ನಮ್ಮ ಕಟ್ಟಡಕ್ಕೆ ಕರೆತಂದಿದ್ದ. ಲೇಸರ್ ಪ್ರಯೋಗಕ್ಕೆ ಅಲುಗದ ಮೇಜು ಬೇಕು. ನೆಲದಡಿಯ ಗಟ್ಟಿ ಮುರಕಲ್ಲಿನಿಂದಲೇ ಎದ್ದ ಒಂದು ಕಾಂಕ್ರೀಟು ಕಂಬ, ಅದರ ಮೇಲೆ ಆಳುದ್ದದ ಒಂದು ಗ್ರಾನೈಟ್ ಚಪ್ಪಡಿ. ಕಲ್ಲು ಬಂದದ್ದು ಇಳಕಲ್ಲಿನಿಂದ. ತಮ್ಮೂರ ಕಲ್ಲನ್ನು ಗೋವೆಯಲ್ಲಿ ಕಂಡದ್ದೇ ತಡ, ಕಾಕಾ ಅದರ ಹೊಣೆಯನ್ನು ತಾವೇ ಹೊತ್ತುಕೊಂಡರು. ಅವರು ಕೂರಿಸಿದ ಚಪ್ಪಡಿಯ ಮೇಲೆ ಗಾಜಿನ ಗೋಲಿಯನ್ನು ಇಟ್ಟರೆ ಇಟ್ಟಲ್ಲೇ ನಿಲ್ಲುತ್ತಿತ್ತು. ಅದನ್ನು ಕಂಡ ಮಾರ್ಗದರ್ಶಕರು ಅವರನ್ನು ದಿನಗೂಲಿಯ ಮೇಲೆ ಪ್ರಯೋಗಾಲಯದ ಸಹಾಯಕರಾಗಿ ಇಟ್ಟುಕೊಂಡರು. ಒಳ್ಳೆಯ ಕೆಲಸ ಮಾಡಿದರು. ಅವರ ಬಗ್ಗೆ ಮುಂದೆ ಹೇಳಬೇಕಾದದ್ದು ಬಹಳವಿರುವುದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಪ್ರಯೋಗದ ಹೆಸರು ನಾಲ್ಕು ತರಂಗಗಳ ಮಿಶ್ರಣ. ಬಣ್ಣ ಕಲಸಿದ ಜಿಲೆಟಿನ್ನಿನ ತೆಳು ಪೊರೆಯೊಂದನ್ನು ಗಾಜಿನ ಮೇಲೆ ಒಣಗಿಸುತ್ತೇವೆ. ಅದರೊಳಕ್ಕೆ ಲೇಸರಿನ ಎರಡು ಬಲವಾದ ಕಿರಣಗಳು ಎದುರು ಬದುರಾಗಿ, ಒಂದೇ ಗೆರೆಯ ಮೇಲೆ ಬರಬೇಕು. ಮೂರನೆಯದೊಂದು ದುರ್ಬಲ ಕಿರಣ ಪಕ್ಕದಿಂದ ಬರಬೇಕು. ಸಾಮಾನ್ಯ ಗಾಜಿನಲ್ಲಾದರೆ ಬೆಳಕು ಬೆಳಕನ್ನು ಗಮನಿಸದೆ ದಾಟಿಹೋಗುತ್ತದೆ. ಈ ಪೊರೆಯಲ್ಲಿ ಹಾಗಲ್ಲ. ಮೂರೂ ಕೂಡಿದಲ್ಲಿ ಕೂದಲಿಗಿಂತ ಎಷ್ಟೋ ಸಣ್ಣದಾದ ಗೆರೆಗಳ ವಿನ್ಯಾಸವೊಂದು ಮೂಡುತ್ತದೆ, ಮತ್ತು ಅದರಿಂದ ನಾಲ್ಕನೆಯದೊಂದು ಕಿರಣ ಹುಟ್ಟಿ, ಮೂರನೆಯದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಬರುವಾಗ ಮೂರನೆಯದು ಉಜ್ಜಿ ಮಸುಕು ಮಾಡಿದ ಗಾಜನ್ನು ಹಾದು ಕಲಸಿಹೋಗಿದ್ದರೂ, ನಾಲ್ಕನೆಯದು ಅದೇ ಉಜ್ಜುಗಾಜನ್ನು ಹಿಂದಕ್ಕೆ ಹಾದು ಶುಭ್ರವಾಗಿ ಹೊರಬರುತ್ತದೆ. ಕದಡಿದ ಗಾಳಿಯಾಚೆಯ ಚಿತ್ರವನ್ನು ತಿಳಿಗೊಳಿಸಲು ಈ ಗುಣವನ್ನು ಬಳಸಬಹುದು. ಮೋಜಿನ ಸಂಗತಿಯೆಂದರೆ, ಅದೇ ಕಾಲಕ್ಕೆ ಜಗತ್ತಿನ ದೂರವಾಣಿ ಇಂಜಿನಿಯರರಿಗೆ ಈ ನಾಲ್ಕನೆಯದು ಕರೆಯದೆ ಬರುವ ಅತಿಥಿಯಾಗತೊಡಗಿತ್ತು: ಒಂದೇ ಗಾಜಿನ ಎಳೆಯಲ್ಲಿ ಹತ್ತಿರದ ಬಣ್ಣಗಳಲ್ಲಿ ಹಲವು ಸಂದೇಶಗಳನ್ನು ಕಳಿಸಿದರೆ ಅದು ತಾನಾಗಿ ಹುಟ್ಟಿ ಪಕ್ಕದವರ ಮಾತನ್ನು ಕೆಡಿಸುತ್ತಿತ್ತು. ಅವರು ಅದನ್ನು ಓಡಿಸಲು ಒದ್ದಾಡುತ್ತಿದ್ದರು, ನಾವು ಬರಮಾಡಿಕೊಳ್ಳಲು.

ಇದೆಲ್ಲವನ್ನೂ ನಾನು ಕಾಕಾನಿಗೆ ವಿವರಿಸಿದಾಗ ಅವರು ಬೀಡಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಸಾವಧಾನವಾಗಿ ಕೇಳಿದರು. “ಮೂರು ಮಂದಿ ಕೂಡಿದ್ರ ಜಗಳ ಹುಟ್ಟೂದು ನೋಡೇನ್ರಿ. ಬೆಳಕು ಹುಟ್ಟೂದು ಇಲ್ಲೇ ನೋಡಬೇಕು,” ಎಂದರು.

ಕಿರಣಗಳನ್ನು ಒಂದೇ ಗೆರೆಗೆ ತರುವುದು ನನಗೆ ಒಂದು ವಾರದ ಹಿಂಸೆಯಾಗಿತ್ತು. ಒಂದು ಕನ್ನಡಿಯಿಂದ ಆರಂಭಿಸಿ ಮುಂದಿನದನ್ನು ಸರಿಪಡಿಸುತ್ತ ಹೋಗುತ್ತಿದ್ದೆ. ಕೊನೆಯ ಕನ್ನಡಿಗೆ ಬರುವಷ್ಟರಲ್ಲಿ ಕಿರಣ ಗೋಡೆಯ ಕ್ಯಾಲೆಂಡರಿನ ಮೇಲೆ ಬಿದ್ದಿರುತ್ತಿತ್ತು. ಕಾಕಾ ಮೂರು ದಿನ ಸುಮ್ಮನೆ ನೋಡಿ, ನಾಲ್ಕನೆಯ ದಿನ ತಡೆಯಲಾರದೆ ಬಾಯಿಬಿಟ್ಟರು. ಗೋಡೆ ಕಟ್ಟುವವನು ಒಂದು ತುದಿಯಿಂದ ಆರಂಭಿಸಿ ಇನ್ನೊಂದು ತುದಿಗೆ ಹೋಗುವುದಿಲ್ಲವಂತೆ. ಮೊದಲು ಎರಡೂ ಮೂಲೆ ನಿಲ್ಲಿಸಿ, ನಡುವೆ ದಾರ ಬಿಗಿದು, ಆಮೇಲೆ ಕಲ್ಲು ಇಡುತ್ತಾನಂತೆ. ಚಪ್ಪಡಿಯ ಎರಡು ತುದಿಗೂ ಸೂಜಿತೂತು ಮಾಡಿದ ರಟ್ಟಿನ ತುಂಡುಗಳನ್ನು ನಿಲ್ಲಿಸಿ, ತಮ್ಮ ದಾರವನ್ನು ಬಿಗಿದು ಕೊಟ್ಟರು. ಒಂದು ತೂತಿನಿಂದ ಹೊರಟ ಬೆಳಕು ಇನ್ನೊಂದನ್ನು ಹೊಕ್ಕು, ಕನ್ನಡಿಗೆ ತಾಗಿ, ಅದೇ ತೂತುಗಳಲ್ಲಿ ಹಿಂದಿರುಗಿದರೆ ಗೆರೆ ಸರಿ. ವಾರದ ಕೆಲಸ ಅರ್ಧ ದಿನಕ್ಕಿಳಿಯಿತು. ಈ ವಿಧಾನವನ್ನು ಮುಂದೆ ಮಾರ್ಗದರ್ಶಕರು ಒಂದು ಕಮ್ಮಟದಲ್ಲಿ ‘ನಮ್ಮ ಪ್ರಯೋಗಾಲಯದ ಸರಳ ತಂತ್ರ’ ಎಂದು ವಿವರಿಸಿದರು. ಆ ‘ನಮ್ಮ’ ಎಂಬುದರಲ್ಲಿ ಯಾರು ಯಾರು ಇದ್ದರೆಂದು ನಾನು ಎದ್ದು ಕೇಳಬೇಕಿತ್ತು. ಕೇಳಲಿಲ್ಲ, ಮನೆಗೆ ಬಂದು ಕುದಿದೆ. ಕಾಕಾ ನನ್ನ ಸಿಟ್ಟಿಗೆ ಅಂಥ ಬೆಲೆ ಕೊಡುತ್ತಿರಲಿಲ್ಲ. “ಸುಣ್ಣ ಕುದಿಯೂ ಮುಂದ ಗ್ವಾಡಿಗೆ ಹಚ್ಚಬಾರ್ದು ತಂಗಿ. ಆರಿಂದ ಹಚ್ಚಬೇಕು,” ಎಂದರು. ಅಷ್ಟರಲ್ಲಿ ನಾನು ಅವರ ಹೆಂಡತಿಯ ಕೈಯ ಜೋಳದ ರೊಟ್ಟಿ ತಿಂದಾಗಿತ್ತು. ಅವರ ಬಾಯಲ್ಲಿ ‘ಬಾಯಾರ’ ಹೋಗಿ ‘ತಂಗಿ’ ಬಂದಿತ್ತು.

ಗೆರೆ ಸರಿಯಾಯಿತು, ನಾಲ್ಕನೆಯ ಕಿರಣ ಮಾತ್ರ ಬರಲಿಲ್ಲ. ಎರಡು ವರ್ಷ ಬರಲಿಲ್ಲ. ಆಗೊಮ್ಮೆ ಈಗೊಮ್ಮೆ ಪರದೆಯ ಮೇಲೆ ಹಸಿರು ಚುಕ್ಕಿಯೊಂದು ಬೆದರಿದ ಮಿಂಚುಹುಳದಂತೆ ಮಿನುಗಿ ಮಾಯವಾಗುತ್ತಿತ್ತು. ಪೊರೆಯಲ್ಲಿ ಮೂಡುವ ವಿನ್ಯಾಸ ಅಷ್ಟು ಸೂಕ್ಷ್ಮ. ಕನ್ನಡಿಗಳು ಸ್ವಲ್ಪ ನಡುಗಿದರೂ ಅಳಿಸಿಹೋಗುತ್ತದೆ. ಏನೋ ನಡುಗುತ್ತಿತ್ತು. ಲೇಸರ್ ಹಚ್ಚಿದಾಗಲೆಲ್ಲ ಅದನ್ನು ತಂಪಾಗಿಡುವ ನೀರಿನ ಪಂಪು ಪಕ್ಕದ ಕೋಣೆಯಲ್ಲಿ ಓಡಲೇಬೇಕು. ಅದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಏಕೆಂದರೆ ಗೋಡೆಯ ಮೇಲೆ ತೂಗುಹಾಕಿದ್ದ ನಕ್ಷೆಯಲ್ಲಿ ಕಂಬದ ಸುತ್ತ ನಾಲ್ಕು ಬೆರಳಿನಷ್ಟು ಸಂದು ಇತ್ತು. ಕಂಬ ನೆಲಕ್ಕೆ ಎಲ್ಲಿಯೂ ತಾಗದಿದ್ದ ಮೇಲೆ ಪಂಪಿನ ನಡುಕ ಮೇಜಿಗೆ ಹತ್ತುವುದೆಲ್ಲಿಂದ? ಮಾರ್ಗದರ್ಶಕರು ಚಪ್ಪಡಿಯ ಕೆಳಗೆ ಸ್ಕೂಟರಿನ ಟ್ಯೂಬುಗಳನ್ನು ಗಾಳಿ ತುಂಬಿಸಿ ಇಡಿಸಿದರು. ಪ್ರತಿ ಸೋಮವಾರ ಒಂದಲ್ಲ ಒಂದು ಟ್ಯೂಬು ಸೋರಿ ಚಪ್ಪಡಿ ಒಂದು ಕಡೆ ಕುಸಿದಿರುತ್ತಿತ್ತು. ಕಾಕಾನ ಮುಖ ಆ ದಿನ ನೋಡುವಂತಿರುತ್ತಿರಲಿಲ್ಲ. ಟ್ಯೂಬುಗಳು ಹೋದವು. ಕೊನೆಗೆ ತೀರ್ಮಾನವಾಯಿತು: ನಾನು ಮಾಡುವ ಪೊರೆಯೇ ಕಳಪೆ.

ಯೋಜನೆಗೆ ಅನುದಾನ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಹೊರಗಿನಿಂದ ಮೂವರ ಸಮಿತಿ ಬರುವುದಿತ್ತು. ಅನುದಾನ ನಿಂತರೆ ನನ್ನ ಸಂಶೋಧನೆಯೂ ನಿಲ್ಲುತ್ತಿತ್ತು. ಅದೇ ವಾರ ಕಾಕಾನನ್ನು ಖಾಯಂ ಮಾಡುವ ಕಡತವೂ ಕಚೇರಿಯಲ್ಲಿ ಸಹಿಗೆ ಕಾದಿತ್ತು. ಖಾಯಂ ಆದರೆ ಅವರ ಹೆಂಡತಿ ಕೆಪೆಯಲ್ಲಿ ತಲೆಯ ಮೇಲೆ ಕಲ್ಲು ಹೊರುವುದನ್ನು ನಿಲ್ಲಿಸಬಹುದಿತ್ತು. ಆ ಕಡತದ ಬಗ್ಗೆ ಕಾಕಾ ಹೆಚ್ಚು ಮಾತಾಡುತ್ತಿರಲಿಲ್ಲ. ಕಚೇರಿಯ ಗುಮಾಸ್ತರ ಕುರ್ಚಿ ಕುಂಟುತ್ತಿದ್ದದ್ದನ್ನು ಮಾತ್ರ ಹೇಳದೆ ಕೇಳದೆ ರಿಪೇರಿ ಮಾಡಿಕೊಟ್ಟಿದ್ದರು.

ಸಮಿತಿ ಬರುವ ಹಿಂದಿನ ದಿನ ಮಧ್ಯಾಹ್ನ, ಪಂಪಿನ ಕೊಳವೆ ತೊಳೆಯಲೆಂದು ಅವರು ಲೇಸರ್ ಇಲ್ಲದೆ ಪಂಪನ್ನಷ್ಟೇ ಓಡಿಸಿ, ಅತ್ತ ಚಪ್ಪಡಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಕಲ್ಲಿನ ಮೇಲೆ ಉಳಿದ ಒಂದು ನೀರಿನ ಹನಿ ನಡುಗುತ್ತಿತ್ತು. ಅವರು ಬಗ್ಗಿ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗೋಡೆಯ ನಕ್ಷೆಯ ಮುಂದೆ ನಿಂತು, ಕಂಬದ ಪಕ್ಕದ ಎರಡು ಗೆರೆಗಳ ಮೇಲೆ ಬೆರಳಿಟ್ಟು, ಈ ನಡುವಿನ ಬಿಳಿ ಜಾಗವೇನೆಂದು ಕೇಳಿದರು.

“ಅದು ಸಂದಿ, ಕಾಕಾ. ನೆಲದ ನಡುಕ ಕಂಬಕ್ಕ ಹತ್ತಬಾರ್ದು ಅಂತ ಬಿಟ್ಟಿದ್ದು.”

“ಬಿಟ್ಟಿದ್ದು?”

“ಹೂಂ. ಬೇಕಂತನ ಬಿಟ್ಟಿದ್ದು.”

ಅವರು ಬಟ್ಟೆಯನ್ನು ಹಿಂಡಿ ಒಣಹಾಕಿ ಮನೆಗೆ ಹೋದರು. ನನಗೆ ಮರುದಿನದ ಚಿಂತೆ. ನಾನು ತಲೆಯೆತ್ತಿ ನೋಡಲಿಲ್ಲ.

ಮರುದಿನ ಸಮಿತಿಯ ಮುಂದೆ ಮಾರ್ಗದರ್ಶಕರು ಸೊಗಸಾದ ಇಂಗ್ಲಿಷಿನಲ್ಲಿ ಪೊರೆಯ ದೋಷಗಳನ್ನು ವರ್ಣಿಸಿದರು. ವಿದ್ಯಾರ್ಥಿಯ ಕೈ ಇನ್ನೂ ಪಳಗಿಲ್ಲವೆಂದರು. ಕಟ್ಟಡದ ಇಂಜಿನಿಯರರೂ ಕರೆಯ ಮೇರೆಗೆ ಬಂದು ಕೂತಿದ್ದರು. ಎಲ್ಲವೂ ನಕ್ಷೆಯ ಪ್ರಕಾರವೇ ಆಗಿದೆ ಎಂದರು. ಚಹಾದ ತಟ್ಟೆ ಹಿಡಿದು ಬಂದ ಕಾಕಾ ಅದನ್ನು ಯಾರಿಗೂ ಕೊಡದೆ ಮೇಜಿನ ಮೇಲಿಟ್ಟು, ಹಿಂದಿ ಕೊಂಕಣಿಗಳನ್ನು ಕಲಸಿ ಏನೋ ಆರಂಭಿಸಿದರು. ಮಾತು ತೊಡರಿತು. ನನ್ನ ಕಡೆ ತಿರುಗಿ, ನೀ ಹೇಳು ಎಂದು ಕನ್ನಡಕ್ಕೆ ಬಂದರು.

“ಆ ಸಂದಿ ತುಂಬಿದಾಂವ ನಾನು. ಯಾರೂ ತುಂಬು ಅಂದಿದ್ದಿಲ್ಲ. ಕಂಬ ಕಟ್ಟಿ ಸುತ್ತಲೂ ತೆರವು ಬಿಟ್ಟು ಹೋದ್ರ ಯಾವ ಗೌಂಡಿಗೆ ಮರ್ಯಾದಿ ಉಳೀತೈತಿ? ಮಂದಿ ಮಾಲು ಕದ್ದಾನ ಅಂತಾರ. ಅದಕ್ಕ ಗಟ್ಟಿ ಮಾಲು ಹಾಕಿ ತುಂಬಿ, ಮ್ಯಾಲ ಕೆಂಪು ಬಣ್ಣದ ಗಾರಿ ಮಾಡಿ, ನುಣ್ಣಗ ತಿಕ್ಕೇನಿ. ಪಂಪಿನ ನಡುಕ ಅಲ್ಲಿಂದನ ಏರಾಕತ್ತೈತಿ. ಹುಡುಗಿ ಕೈಯಾಗ ಏನೂ ತಪ್ಪಿಲ್ಲ.”

ನಾನು ಅನುವಾದಿಸಿದೆ. ಸಮಿತಿಯ ಹಿರಿಯರು ಇದು ಯಾವಾಗ ತಿಳಿಯಿತೆಂದು ಕೇಳಿದರು. ನಿನ್ನೆ ಮಧ್ಯಾಹ್ನ ತಿಳಿಯಿತು, ಹೇಳಬೇಕೋ ಬೇಡವೋ ಎಂದು ಇವತ್ತು ಬೆಳಗಿನವರೆಗೆ ವಿಚಾರ ಮಾಡಿದೆ ಎಂದರು ಕಾಕಾ. ಆ ಕೋಣೆಯಲ್ಲಿ ಅಷ್ಟು ಪ್ರಾಮಾಣಿಕವಾದ ಉತ್ತರವನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ.

ಎಲ್ಲರೂ ಪ್ರಯೋಗಾಲಯಕ್ಕೆ ಹೋದೆವು. ಮೂವರು ವಿಜ್ಞಾನಿಗಳು, ಒಬ್ಬ ಇಂಜಿನಿಯರ್, ಒಬ್ಬ ಪ್ರಾಧ್ಯಾಪಕರು ಮೊಣಕಾಲೂರಿ ಮೇಜಿನ ಕೆಳಗೆ ಇಣುಕಿದರು. ಕಂಬವೂ ನೆಲವೂ ಒಂದೇ ಆಗಿ, ಕೆಂಪಗೆ, ಕನ್ನಡಿಯಂತೆ ಹೊಳೆಯುತ್ತಿದ್ದವು. ಅಷ್ಟು ಚೆಂದದ ತಪ್ಪನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಕೆಲಸ ಮುಗಿದಾಗ ಇದನ್ನು ಪರೀಕ್ಷಿಸಿದವರು ಯಾರೆಂದು ಹಿರಿಯರು ಕೇಳಿದರು. ಇಂಜಿನಿಯರರು ನಕ್ಷೆಯನ್ನು ನೋಡಿದರು, ಮಾರ್ಗದರ್ಶಕರು ಇಂಜಿನಿಯರರನ್ನು ನೋಡಿದರು. ನಾನು ಆ ಕೆಂಪು ನೆಲವನ್ನು ನೋಡಿದೆ. ಎರಡು ವರ್ಷ ದಿನವೂ ಆ ಮೇಜಿನ ಬಳಿ ನಿಂತವಳು ನಾನು. ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಸಮಿತಿ ಆರು ತಿಂಗಳ ಕಾಲಾವಕಾಶ ಕೊಟ್ಟಿತು. ಕಚೇರಿ ಕಾಕಾನಿಂದ ಲಿಖಿತ ವಿವರಣೆ ಕೇಳಿತು, ಅವರಿಂದ ಮಾತ್ರ. ಇಂಗ್ಲಿಷಿನಲ್ಲಿ ಬರೆದುಕೊಡುವ ಕೆಲಸ ನನ್ನದಾಯಿತು. ಕ್ಯಾಂಟೀನಿನ ಹಿಂದಿನ ಗೇರುಮರದ ಕೆಳಗೆ ಕೂತು ನಾನು ಎರಡು ಪುಟದ ಆರೋಪಪಟ್ಟಿಯನ್ನೇ ಸಿದ್ಧಪಡಿಸಿದೆ: ನಕ್ಷೆಯನ್ನು ಗೌಂಡಿಗೆ ತೋರಿಸದವರು, ನೋಡದೆ ಸಹಿ ಹಾಕಿದವರು, ಸಂದು ಏಕಿದೆಯೆಂದು ಒಂದು ಮಾತು ಹೇಳದವರು. ಕನ್ನಡದಲ್ಲಿ ಓದಿ ಹೇಳಿದೆ. ಕಾಕಾ ಎಡಗಣ್ಣು ಮುಚ್ಚಿ ಕಾಗದವನ್ನು ನೋಡಿದರು.

“ಇದರಾಗ ನನ್ನದು ಎಲ್ಲೈತಿ?”

ಕೊನೆಯ ಸಾಲಿನಲ್ಲಿದೆ ಎಂದೆ. ಅದೊಂದನ್ನು ಇಟ್ಟು ಉಳಿದದ್ದನ್ನು ತೆಗೆ ಎಂದರು. ನಾನು ಜಗಳಕ್ಕೆ ನಿಂತೆ. ಉಳಿದವರು ತಮ್ಮ ತಪ್ಪನ್ನು ಎಂದಿಗೂ ಬರೆಯುವುದಿಲ್ಲ, ಎಲ್ಲವೂ ನಿಮ್ಮ ತಲೆಗೇ ಬರುತ್ತದೆ ಎಂದೆ.

“ಬರೀಲಿಲ್ಲಂದ್ರ ನೀ ಕೇಳು, ತಂಗಿ. ನಿನ್ನ ಕಾಗದದಾಗ ಕೇಳು. ನನ್ನ ಸಹಿ ಮ್ಯಾಲ ಹತ್ತಿ ನಿಂತು ಯಾಕ ಕೇಳ್ತಿ?”

ಕಾಗದ ಮೂರು ಸಾಲಿಗಿಳಿಯಿತು. ತಾನು ತುಂಬಿದ್ದು, ಯಾರೂ ಹೇಳದೆ ತುಂಬಿದ್ದು, ತಾನೇ ತೆಗೆದುಕೊಡುವುದು. ಕೆಳಗೆ ಕನ್ನಡದಲ್ಲಿ ಸಹಿ; ಅಕ್ಷರಗಳೂ ದಾರ ಹಿಡಿದು ಕೂರಿಸಿದಂತಿದ್ದವು.

ಸಂದಿನ ಗಾರೆ ತೆಗೆಯಲು ಹನ್ನೊಂದು ದಿನ ಹಿಡಿಯಿತು. ದೊಡ್ಡ ಸುತ್ತಿಗೆ ಹಾಕಿದರೆ ಕಂಬ ಬಿರಿಯಬಹುದೆಂದು ಸಣ್ಣ ಉಳಿಯಿಂದ, ಅಂಗಾತ ಮಲಗಿ, ಚಮಚೆಯಷ್ಟು ಚಮಚೆಯಷ್ಟೇ ಕೆತ್ತಿದರು. ಗಾರೆ ಬಿಡಲೊಲ್ಲದು. ಮೇಜಿನ ಕೆಳಗಿನಿಂದ ಬೈಗುಳ ಕೇಳಿಬರುತ್ತಿತ್ತು. ಯಾರಿಗೆಂದು ಬಗ್ಗಿ ಕೇಳಿದರೆ, ಇಷ್ಟು ಗಟ್ಟಿಯಾಗಿ ತುಂಬಿದ ಸೂಳೆಮಗನಿಗೆ ಎನ್ನುತ್ತಿದ್ದರು. ಹನ್ನೆರಡನೆಯ ದಿನ ಪಂಪು ಓಡಿಸಿ, ಲೇಸರ್ ಹಚ್ಚಿ, ನನ್ನ ಅದೇ ಕಳಪೆ ಪೊರೆಯನ್ನು ನಿಲ್ಲಿಸಿದೆ. ಪರದೆಯ ಮೇಲೆ ಹಸಿರು ಚುಕ್ಕಿ ಬಂದಿತು, ನಿಂತಿತು. ಮೂರನೆಯ ಕಿರಣದ ದಾರಿಗೆ ಉಜ್ಜುಗಾಜನ್ನು ಹಿಡಿದೆ; ಕಲಸಿಹೋಗಬೇಕಾದದ್ದು ಕಲಸಲಿಲ್ಲ. ಎದುರಿನ ಎರಡು ಕಿರಣಗಳಲ್ಲಿ ಒಂದನ್ನು ಕೈಯಿಂದ ಮರೆಮಾಡಿದರೆ ಚುಕ್ಕಿ ಮಾಯ, ಬಿಟ್ಟರೆ ಹಾಜರು. ಕಾಕಾ ಹಠಮಾರಿ ಮಗುವಿನಂತೆ ಇಪ್ಪತ್ತು ಸಲವಾದರೂ ಮರೆಮಾಡಿ ಬಿಟ್ಟು ಮಾಡಿದರು. “ಚಲೋ ಐತಿ. ಸ್ವಲ್ಪ ಮಬ್ಬೈತಿ, ಆದ್ರ ಚಲೋ ಐತಿ,” ಎಂದರು.

ಮಬ್ಬಿದ್ದದ್ದು ನಿಜ. ಪೊರೆ ಸ್ವಲ್ಪ ಕಳಪೆಯೇ ಆಗಿತ್ತು.

ಪ್ರಬಂಧ ಪ್ರಕಟವಾಯಿತು. ಖಾಯಂ ಮಾಡುವ ಕಡತ, ‘ನಿರ್ಮಾಣದೋಷಕ್ಕೆ ಸ್ವತಃ ಕಾರಣನೆಂದು ಲಿಖಿತವಾಗಿ ಒಪ್ಪಿದ್ದಾನೆ’ ಎಂಬ ಷರಾದೊಂದಿಗೆ ಹಿಂದಿರುಗಿತು. ಆ ತಿಂಗಳ ಕೊನೆಗೆ ಹಾಜರಿ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ. ನೋಡದೆ ಸಹಿ ಹಾಕಿದ ಇಂಜಿನಿಯರರು ಬಡ್ತಿ ಪಡೆದರು. ಮಾರ್ಗದರ್ಶಕರು ಆ ಕಡತವನ್ನು ಉಳಿಸಲು ಒಂದು ಸಾಲು ಬರೆಯಬಹುದಿತ್ತು, ಬರೆಯಲಿಲ್ಲ. ಏಕೆ ಬರೆಯಲಿಲ್ಲವೆಂದು ನಾನು ಆಗಲೂ ಕೇಳಿದೆ, ಇಲ್ಲಿ ಮತ್ತೆ ಕೇಳುತ್ತಿದ್ದೇನೆ. ಆಗ ಬಂದ ಉತ್ತರ, ಇವೆಲ್ಲ ಆಡಳಿತಕ್ಕೆ ಬಿಟ್ಟ ವಿಷಯ ಎಂದು.

ನನ್ನ ಮೌಖಿಕ ಪರೀಕ್ಷೆಯಲ್ಲಿ, ಮೊದಲ ಎರಡು ವರ್ಷಗಳ ಫಲಿತಾಂಶಗಳೇಕೆ ಇಲ್ಲವೆಂದು ಪರೀಕ್ಷಕರು ಕೇಳಿದರು. ‘ಪೊರೆಯನ್ನು ಸುಧಾರಿಸಲಾಗುತ್ತಿತ್ತು’ ಎಂಬ ಸಿದ್ಧ ಉತ್ತರವನ್ನು ನನಗೆ ಮೊದಲೇ ಒದಗಿಸಲಾಗಿತ್ತು. ನಾನು ಬೇರೆ ಹೇಳಿದೆ. ಕಂಪನವನ್ನು ಅಳೆಯದೆ ನಕ್ಷೆಯನ್ನು ನಂಬಿದ್ದು ನನ್ನ ತಪ್ಪು ಎಂದೆ; ಆಮೇಲೆ ಉಳಿದವರ ಪಾಲನ್ನು, ಮಾರ್ಗದರ್ಶಕರು ಅದೇ ಕೋಣೆಯಲ್ಲಿ ಕೂತಿರುವಾಗಲೇ, ಒಂದೊಂದಾಗಿ ಹೇಳಿದೆ. ಮಾರ್ಗದರ್ಶಕರ ಮುಖ ಬಲಕ್ಕೆ ಇನ್ನೂ ಅರ್ಧ ಇಂಚು ವಾಲಿತು. ಪರೀಕ್ಷಕರು ಕನ್ನಡಕ ಒರೆಸಿಕೊಂಡು ಮುಂದಿನ ಪ್ರಶ್ನೆಗೆ ಹೋದರು. ಸಂಜೆ ಪದವಿಗೆ ಶಿಫಾರಸು ಮಾಡಿ, ಕೈಕುಲುಕಿ ಹೋದರು.

ಆ ಭಾನುವಾರ ಬಸ್ಸು ಹಿಡಿದು ಕೆಪೆಗೆ ಹೋದೆ. ಕಾಕಾ ಯಾರದೋ ಮನೆಯ ಮುರಕಲ್ಲಿನ ಗೋಡೆ ಏರಿಸುತ್ತಿದ್ದರು, ಅವರ ಹೆಂಡತಿ ಕಲ್ಲು ಹೊತ್ತು ಕೊಡುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ, ಹೇಗೆ ಹೇಳಿದೆನೆಂಬುದನ್ನೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಕರಣೆಯಿಂದ ಗಾರೆ ಎಳೆಯುತ್ತ ಪೂರ್ತಿ ಕೇಳಿದರು.

“ಹೇಳಿದ ಮ್ಯಾಲೂ ಪದವಿ ಕೊಟ್ರೇನು?”

“ಕೊಟ್ರು, ಕಾಕಾ.”

ಅವರಿಗೆ ಖುಷಿಯಾಯಿತು; ಹೆಂಡತಿಯನ್ನು ಕರೆದು ತಂಗಿ ಪಾಸಾದಳೆಂದು ತಿಳಿಸಿದರು. ಆಮೇಲೆ ಇನ್ನೊಂದು ಕಲ್ಲಿಗೆ ಕೈಚಾಚುತ್ತ, ಸಂತೆಯಲ್ಲಿ ಬದನೆಕಾಯಿ ಅಗ್ಗವೋ ತುಟ್ಟಿಯೋ ಎಂದು ಕೇಳುವಷ್ಟು ಸಹಜವಾಗಿ ಕೇಳಿದರು:

“ಹಂಗಾರ ನಿಮಗ ಖರೇ ಹೇಳೂದು ಭಾಳ ಸೋವಿ ಬೀಳತೈತಲ್ಲ, ತಂಗಿ. ಆದ್ರೂ ನಿಮ್ಮ ಮಂದಿ ಯಾಕ ಹೇಳೂದಿಲ್ಲ?”